ಛಾಯೆಯೋ ಚೊಗರೋ: ‘ಟಿಂಜ್’ ಶಬ್ದದ ವಿಚಾರ

ಇಂಗ್ಲಿಷಿನ ‘ಟಿಂಜ್’ ಎಂಬ ಶಬ್ದಕ್ಕೆ ನಮ್ಮ ವಿಮರ್ಶೆಯಲ್ಲಿ ‘ಛಾಯೆ’ ಎಂಬುದು ರೂಢಿಯಾಗಿದೆ. ‘ವಿಷಾದದ ಛಾಯೆ’, ‘ವ್ಯಂಗ್ಯದ ಛಾಯೆ’ ಎಂಬ ಮಾತುಗಳು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳವರೆಗೂ ಇಳಿದುಬಂದಿವೆ. ಈ ಪ್ರಯೋಗ ಎಷ್ಟರಮಟ್ಟಿಗೆ ಸಾಧುವೆಂಬುದೇ ಪ್ರಕೃತ ವಿಚಾರ.

‘ಟಿಂಜ್’ ಲ್ಯಾಟಿನ್ನಿನ ‘ಟಿಂಗೆರೆ’ ಎಂಬ ಕ್ರಿಯಾಪದದಿಂದ ಬಂದುದು. ಅದ್ದು, ಬಣ್ಣವೇರಿಸು ಎಂದು ಅದರ ಅರ್ಥ. ‘ಟಿಂಟ್’, ‘ಟಿಂಕ್ಚರ್’ ಎಂಬುವೂ ಅದೇ ಮೂಲದವು. ಇಲ್ಲಿ ಬಣ್ಣವು ಅಲ್ಪ; ಆದರೆ ಅದು ವಸ್ತುವಿನೊಳಕ್ಕೆ ಇಳಿದು ಹರಡಿಕೊಂಡಿರುತ್ತದೆ. ಛಾಯೆಯಾದರೋ ನೆರಳು. ಸಂಸ್ಕೃತದಲ್ಲಿ ಅದಕ್ಕೆ ಕಾಂತಿ, ಮೈಬಣ್ಣ ಎಂಬ ಅರ್ಥಗಳೂ ಉಂಟು, ನಿಜ. ಕನ್ನಡದ ಕಿವಿಗೆ ಮೊದಲು ತೋರುವುದು ಮಾತ್ರ ನೆರಳೇ. ನೆರಳು ಬೀಳುತ್ತದೆ, ಸರಿಯುತ್ತದೆ. ಬಟ್ಟೆಯನ್ನು ಒಗೆದರೆ ಉಳಿಯುವಂಥದಲ್ಲ.

ಹಾಗೆಂದು ಕನ್ನಡ ಈ ವಿಷಯದಲ್ಲಿ ಬಡವಾದ ಭಾಷೆಯಲ್ಲ. ‘ನಸುಗೆಂಪು’ ಎಂಬಲ್ಲಿ ಪ್ರಮಾಣದ ಕಡೆಗೆ ದೃಷ್ಟಿ. ‘ಎಳೆಗೆಂಪು’ ಎಂಬಲ್ಲಿ ಪ್ರಾಯದ ಕಡೆಗೆ. ‘ತಿಳಿನೀಲಿ’ಯಲ್ಲಿ ನಿರ್ಮಲತೆಯ ಕಡೆಗೆ. ಇವಾವುವೂ ಒಂದರ ಬಣ್ಣ ಮತ್ತೊಂದಕ್ಕೆ ಹತ್ತುವುದನ್ನು ಹೇಳುವುದಿಲ್ಲ. ‘ಕೆಂಪೇರು’ ಎಂಬ ಕ್ರಿಯಾಪದ ಹೆಚ್ಚು ಹತ್ತಿರದ್ದು. ಆದರೆ ಅಚ್ಚುಕಟ್ಟಾದ ಮಾತು ದೊರೆಯುವುದು ನಿಘಂಟಿನಲ್ಲಲ್ಲ, ಅಡಿಕೆಯ ಕೊಪ್ಪರಿಗೆಯ ಬಳಿ. ಹೊಳಲ್ಕೆರೆ, ಹೊಸದುರ್ಗಗಳ ತೋಟಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ನೀರು ಮಂದವಾಗಿ ಕೆಂಪಗಾದಾಗ ಅದೇ ಚೊಗರು. ಮುಂದಿನ ಅಡಿಕೆಗೆ ಅದನ್ನು ಕೊಟ್ಟು ಒಣಗಿಸಿದರೆ ಕೆಂಪು ಮೆರುಗು ಹತ್ತುತ್ತದೆ. ‘ಟಿಂಗೆರೆ’ಯ ಅರ್ಥವೆಲ್ಲ ಇಲ್ಲಿ ಇದೆ, ಒಂದೇ ಭೇದವೆಂದರೆ, ಈ ಬಣ್ಣ ಹೊರಗಿನದಲ್ಲ, ಹಿಂದೆ ಬೆಂದ ಅಡಿಕೆಯದೇ.

ವಿಮರ್ಶೆಗೆ ಈ ಭೇದ ಉಪಯುಕ್ತವಾದುದು. ತ. ರಾ. ಸುಬ್ಬರಾಯರು ಚಿತ್ರದುರ್ಗದ ಇತಿಹಾಸವನ್ನು ಕುರಿತು ಬರೆದ ಕಾದಂಬರಿಗಳಲ್ಲಿ ‘ರಕ್ತರಾತ್ರಿ’ ಒಂದು, 1982ರ ‘ದುರ್ಗಾಸ್ತಮಾನ’ ಇನ್ನೊಂದು. ಮೊದಲನೆಯ ಹೆಸರಿನಲ್ಲಿ ಬಣ್ಣ ನೇರವಾಗಿ, ದಟ್ಟವಾಗಿ ಇದೆ. ಎರಡನೆಯದರಲ್ಲಿ ಬಣ್ಣದ ಹೆಸರೇ ಇಲ್ಲ. ಆದರೂ ‘ಅಸ್ತಮಾನ’ ಎಂದೊಡನೆ ಕಲ್ಲಿನ ಕೋಟೆ ಕೆಂಪೇರುತ್ತದೆ. ‘ದುರ್ಗದ ಪತನ’ ಎಂದಿದ್ದರೆ 1779ರಲ್ಲಿ ಮದಕರಿನಾಯಕನ ಕೋಟೆ ಹೈದರಾಲಿಯ ವಶವಾದ ಸಂಗತಿ ತಿಳಿಯುತ್ತಿತ್ತು, ಅಷ್ಟೆ. ಇದನ್ನು ‘ವಿಷಾದದ ಛಾಯೆ’ ಎಂದು ಬರೆದು ಮುಂದೆ ಸಾಗುವುದು ಸುಲಭ. ಆದರೆ ಈ ವಿಷಾದ ಕಥೆಯ ಮೇಲೆ ಎಲ್ಲಿಂದಲೋ ಬಿದ್ದ ನೆರಳಲ್ಲ. ದುರ್ಗದ ಕೊನೆ ಏನಾಯಿತೆಂಬುದನ್ನು ಓದುಗನು ಮೊದಲೇ ಬಲ್ಲನು. ಆ ತಿಳಿವಿನಲ್ಲಿ ಅದ್ದಿ ತೆಗೆದಂತೆ ನಾಯಕನ ಗೆಲವಿನ ಪ್ರಸಂಗಗಳೂ ಅವನಿಗೆ ಇಳಿಹೊತ್ತಿನ ಬಣ್ಣದಲ್ಲಿಯೇ ಕಾಣುತ್ತವೆ.