ಕೋಶದ ನಡೆಯಲ್ಲಿ ಪೊರೆಯ ಪಾಲು

ನಾರಾವಿಯ ಅಡಕೆತೋಟದಲ್ಲಿ ದುಡಿಯುವವನ ಬೆರಳಿಗೆ ಕತ್ತಿಯ ಅಲಗು ತಗುಲಿ ಚರ್ಮ ಹರಿದರೆ, ಗಾಯದ ಅಂಚಿನ ಜೀವಕೋಶಗಳು ತಮ್ಮ ನೆಲೆಯನ್ನು ಬಿಟ್ಟು, ತೆರವಾದ ಎಡೆಯತ್ತ ತೆವಳಿ, ಅದನ್ನು ಮುಚ್ಚತೊಡಗುವುವು. ಕಾಲಿಲ್ಲದ ಕೋಶಕ್ಕೆ ಈ ಚಲನಶಕ್ತಿ ಬಂದುದು ಹೇಗೆಂದು ಅರಸಿದ ಸಂಶೋಧನೆಗಳಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಅವರ ಬಳಗವು 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಸಾವಧಾನದ ವಿಮರ್ಶೆಗೆ ಅರ್ಹವಾದುದು.

ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕ್ಷಣಕ್ಷಣಕ್ಕೂ ಕಟ್ಟಿಕೊಳ್ಳುತ್ತ, ಕಳಚಿಕೊಳ್ಳುತ್ತ, ಕೋಶಕ್ಕೆ ಅಸ್ಥಿಪಂಜರವಾಗಿರುವುವು. ಈ ಕಟ್ಟೋಣವು ರೋ, ರ‍್ಯಾಕ್ ಎಂಬ ಚಿಕ್ಕ ಪ್ರೋಟೀನುಗಳ ಅಂಕೆಯಲ್ಲಿರುವುದೆಂದೂ, ಮೊದಲನೆಯದು ಬಿಗಿತದ ತಂತುಗಳನ್ನು, ಎರಡನೆಯದು ಅಂಚಿನ ಅಲೆಮಡಿಕೆಗಳನ್ನು ಹುಟ್ಟಿಸುವುದೆಂದೂ ಲಂಡನ್ನಿನಲ್ಲಿ ಆನ್ ರಿಡ್ಲಿ, ಅಲನ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ತೋರಿಸಿಕೊಟ್ಟರು. ಆ ಚಿತ್ರ ಎಷ್ಟು ಸ್ಫುಟವಾಗಿದ್ದರೂ, ಕೋಶವನ್ನು ಸುತ್ತುವರಿದ ಪೊರೆಗೆ ಅದರಲ್ಲಿ ದೊರೆತ ಸ್ಥಾನ ಅಲ್ಪ.

ಬೆಂಗಳೂರಿನ ಪ್ರಬಂಧ ಆ ಕೊರತೆಯನ್ನೇ ಹಿಡಿದು ಹೊರಟಿತು. ಹೊರಗಿನ ಆಧಾರವನ್ನು ಪೊರೆಯ ಇಂಟೆಗ್ರಿನ್ ಗ್ರಾಹಕವು ಹಿಡಿದೊಡನೆ ಕೆಲವು ಕಿಣ್ವಗಳು ಜಾಗೃತವಾಗಿ ರೋವನ್ನು ಪ್ರಚೋದಿಸುವುವು. ಅದರಿಂದ ಫಾರ್ಮಿನ್ ಎಂಬ ಪ್ರೋಟೀನುಗಳು ಹೊಸ ಆಕ್ಟಿನ್ ಎಳೆಗಳನ್ನು ಮೂಡಿಸುವುವು, ಮಯೋಸಿನ್ ಎಂಬ ಪ್ರೋಟೀನು ಅವನ್ನು ಸೆಳೆಯುವುದು. ಟ್ಯಾಲಿನ್ ಎಂಬ ಪ್ರೋಟೀನಿನಿಂದ ಪ್ರೇರಿತವಾದ ವಿನ್‌ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಆ ಸೆಳೆತವನ್ನು ಪೊರೆಯ ಒಳಪದರದ ಮೇದಸ್ಸಿಗೆ ಜೋಡಿಸಿದಾಗ, ಹೊರಪದರದಲ್ಲಿ ಮೇದಸ್ಸಿನ ಲಂಗರಿನಿಂದ ನಿಂತ ಪ್ರೋಟೀನುಗಳು ಅತಿಸೂಕ್ಷ್ಮ ಗುಂಪುಗಳಾಗಿ ಕೂಡುವುವು. ಈ ಗುಂಪುಗಳು ಕೂಡದಿದ್ದಲ್ಲಿ ಕೋಶವು ಸರಿಯಾಗಿ ಹರಡದು, ಸರಿಯಾಗಿ ಚಲಿಸದು.

ಕೊನೆಯ ಈ ನಿರ್ಣಯವೇ ಕೃತಿಯ ಪ್ರಾಣ, ಅದನ್ನು ಸ್ಥಾಪಿಸಿದ ರೀತಿಯೇ ಅದರ ಹಿರಿಮೆ. ವಿನ್‌ಕ್ಯುಲಿನ್ ವಿಕೃತವಾದಾಗ ನಡೆ ಕುಂಟಿತೆಂಬುದೊಂದೇ ಸಾಕ್ಷ್ಯವಾಗಿದ್ದರೆ ಅದು ಸಾಲುತ್ತಿರಲಿಲ್ಲ. ಏಕೆಂದರೆ ಕೋಶವನ್ನು ನೆಲೆಗೆ ಬಿಗಿಯುವ ಕಾರ್ಯದಲ್ಲಿಯೂ ಆ ಪ್ರೋಟೀನು ಭಾಗಿ, ದೋಷ ಅಲ್ಲಿಂದಲೂ ಬಂದಿರಬಹುದು. ಆದರೆ ಮೇದಸ್ಸಿನ ಲಂಗರನ್ನು ತಿದ್ದಿ ಪಕ್ವಗೊಳಿಸುವ ಕ್ರಿಯೆಯಿಲ್ಲದ ಕೋಶಗಳಲ್ಲಿಯೂ ಗುಂಪುಗಳು ತಪ್ಪಿದವು, ನಡೆಯೂ ಕೆಟ್ಟಿತು. ಪರಸ್ಪರ ಸಂಬಂಧವಿಲ್ಲದ ಎರಡು ಭಂಗಗಳು ಒಂದೇ ಫಲವನ್ನು ಕೊಟ್ಟುದರಿಂದ, ಪೊರೆಯು ಕೇವಲ ಹೊದಿಕೆಯಲ್ಲ, ಚಲನೆಯ ಸಹಕರ್ತೃವೆಂಬ ವಾದಕ್ಕೆ ದೃಢವಾದ ಬುನಾದಿ ದೊರೆಯಿತು.

ಆದರೂ ಈ ಸಿದ್ಧಾಂತದ ಎಲ್ಲೆಯನ್ನು ಗುರುತಿಸದೆ ಹೊಗಳುವುದು ವಿಮರ್ಶೆಯಾಗದು. ಶ್ವೇತಕಣಗಳು ಇಂಟೆಗ್ರಿನ್ನಿನ ಹಂಗಿಲ್ಲದೆ ಅಂಗಾಂಶಗಳ ಒಳಗೆ ನುಸುಳಿ ಸಂಚರಿಸಬಲ್ಲವೆಂದು 2008ರಲ್ಲಿಯೇ ‘ನೇಚರ್’ ಪತ್ರಿಕೆಯ ಪ್ರಬಂಧವೊಂದು ತೋರಿಸಿತ್ತು. ಆದುದರಿಂದ ಬೆಂಗಳೂರಿನವರು ಕಂಡ ನಿಯಮ ಅಂಟಿಕೊಂಡು ಸಾಗುವ ಕೋಶಗಳದೇ ಹೊರತು ಕೋಶಮಾತ್ರದ್ದಲ್ಲ. ಮೇಲಾಗಿ, ಗಾಜಿನ ಸಮತಲದಲ್ಲಿ ಬೆಳೆಸಿದ ಕೋಶಕ್ಕೆ ದೊರೆತ ಆಧಾರ ಬೇರೆ, ಸುತ್ತಲೂ ನಾರುಗಳು ಹೆಣೆದುಕೊಂಡಿರುವ ಜೀವಂತ ದೇಹದ ಹಾದಿ ಬೇರೆ. ಈ ಮಿತಿಗಳು ಕೃತಿಯ ಸತ್ಯವನ್ನು ಅಳಿಸುವುದಿಲ್ಲ. ಗಾಯ ಮಾಯುವ ಚರ್ಮದಲ್ಲಿ, ಅರ್ಬುದ ಹಬ್ಬುವ ಅಂಗಾಂಶದಲ್ಲಿ ಇದೇ ಪರೀಕ್ಷೆಯನ್ನು ಮಾಡಿ ನೋಡುವ ಹೊಣೆಯನ್ನು ಮುಂದಿನವರಿಗೆ ವಹಿಸುತ್ತವೆ.