ಮಗುವಿನ ಪ್ರಶ್ನೆ, ಮನೆಯ ಉತ್ತರ: ಧರ್ಮೋಪದೇಶಕಾಂಡ 6ರ ನಮ್ಮ ಓದನ್ನು ಕುರಿತು

ಮಕ್ಕಳ ಭಾನುವಾರದ ಪ್ರಸಂಗಗಳಲ್ಲಿ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವು ಮತ್ತೆಮತ್ತೆ ಬರುತ್ತದೆ. ಏಳನೆಯ ವಚನವನ್ನು ಓದಿ, ತಂದೆತಾಯಿಗಳ ಅಲಕ್ಷ್ಯವನ್ನು ಖಂಡಿಸಿ, ಮಕ್ಕಳಿಂದ ಕಂಠಪಾಠ ಒಪ್ಪಿಸಿಕೊಂಡು, ಬಹುಮಾನ ಹಂಚಿದರೆ ಆ ದಿನದ ಕರ್ತವ್ಯ ತೀರಿದಂತೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಸಭೆಗಳನ್ನು ಬಲ್ಲ ನಮಗೆ ಈ ಕ್ರಮದ ಉದ್ದೇಶದ ಬಗ್ಗೆ ಆಕ್ಷೇಪವಿಲ್ಲ. ಆ ಓದು ಅಧ್ಯಾಯದ ನಡುವೆಯೇ ನಿಂತುಬಿಡುತ್ತದೆ ಎಂಬುದೇ ನಮ್ಮ ಆಕ್ಷೇಪ.

ಏಳನೆಯ ವಚನದ ಹೀಬ್ರೂ ಕ್ರಿಯಾಪದದ ಮೂಲಾರ್ಥ ಹರಿತಗೊಳಿಸುವುದು, ಮಸೆಯುವುದು. ಪದೇಪದೇ ಹೇಳುವುದು ಎಂಬ ಅರ್ಥವನ್ನು ಕೊಡುವವರೂ ಇದ್ದಾರೆ. ನಮ್ಮ ಕನ್ನಡ ಬೈಬಲು ಇಲ್ಲಿ ‘ಅಭ್ಯಾಸ’ವೆಂಬ ಮಾತನ್ನು ಬಳಸಿದೆ. ಅನುವಾದ ತಪ್ಪಲ್ಲ, ಆದರೆ ಶಾಲೆ ಬೆಳೆದಂತೆ ಆ ಮಾತಿಗೆ ಪುಸ್ತಕ, ಪರೀಕ್ಷೆ, ಅಂಕಗಳ ವಾಸನೆ ಹತ್ತಿಕೊಂಡಿತು. ಮಸೆಯುವುದಕ್ಕೆ ಕತ್ತಿಯೂ ಬೇಕು, ಕಲ್ಲೂ ಬೇಕು. ಅದೇ ವಚನವು ಹೇಳುವ ಕೂತಿರುವಾಗ, ನಡೆಯುವಾಗ, ಮಲಗುವಾಗ, ಏಳುವಾಗ ಎಂಬ ನಾಲ್ಕೂ ಸಮಯಗಳಲ್ಲಿ ತರಗತಿಯ ಸಮಯ ಒಂದೂ ಇಲ್ಲ.

ನಾವು ಓದದೆ ಬಿಡುವುದು ಇಪ್ಪತ್ತನೆಯ ವಚನವನ್ನು. ಅಲ್ಲಿ ಮಾತು ಆರಂಭಿಸುವವನು ಮಗ. ಈ ಆಜ್ಞಾವಿಧಿಗಳೆಲ್ಲ ಏಕೆ ಎಂದು ಅವನು ಕೇಳುತ್ತಾನೆ. ತಂದೆಯ ಉತ್ತರವು ಆಜ್ಞೆಗಳ ವಿವರಣೆಯಿಂದ ತೊಡಗದೆ, ಫರೋಹನ ಕೈಕೆಳಗೆ ದಾಸರಾಗಿದ್ದವರ ಕಥೆಯಿಂದ ತೊಡಗುತ್ತದೆ. ಅದೂ ‘ನಾವು’ ಎಂಬ ಕರ್ತೃಪದದೊಡನೆ. ಮುಂದಿನ ತಲೆಮಾರುಗಳಲ್ಲಿ ಈ ಉತ್ತರ ಹೇಳುವ ತಂದೆ ಐಗುಪ್ತವನ್ನು ಕಂಡವನೇ ಅಲ್ಲ. ಆದರೂ ‘ಅವರು’ ಎನ್ನುವಂತಿಲ್ಲ. ವಿಮೋಚನಕಾಂಡ 12ರಲ್ಲಿ ಪಸ್ಕದ ಆಚರಣೆಯನ್ನು ಕುರಿತು ಮಕ್ಕಳು, ಯೆಹೋಶುವ 4ರಲ್ಲಿ ಯೊರ್ದನಿನಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳನ್ನು ಕುರಿತು ಮಕ್ಕಳು ಇದೇ ರೀತಿ ಕೇಳುತ್ತಾರೆ. ನಮ್ಮ ಭಾನುವಾರ ಶಾಲೆಯಲ್ಲಿ ಪ್ರಶ್ನೆ ಉಪಾಧ್ಯಾಯರದು, ಉತ್ತರ ಮಕ್ಕಳದು. ಶಾಸ್ತ್ರದ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ.

ಪ್ರಶ್ನೆಯಿಂದ ಅರ್ಥ ಹುಟ್ಟುವ ಕ್ರಮ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಎದುರಾಳಿ ಕೆಣಕಿದಂತೆ ಅರ್ಥಧಾರಿಯ ಅರ್ಥ ಬೆಳೆಯುತ್ತದೆ. (ಅಲ್ಲಿಯೂ ‘ಪ್ರಸಂಗ’ವೆಂದೇ ಹೆಸರು. ನಮ್ಮ ಪ್ರಸಂಗದಲ್ಲಿ ಮಾತ್ರ ಎದುರಾಳಿಯಿಲ್ಲ.)

ಬೆಳ್ತಂಗಡಿ ತಾಲೂಕಿನ ಸಿರೋ ಮಲಬಾರ್ ಮನೆಗಳ ಒಂದು ಆಚರಣೆಯನ್ನು ಇಲ್ಲಿ ಗಮನಿಸಬೇಕು. ಕೇರಳದಿಂದ ವಲಸೆ ಬಂದ ಈ ಕುಟುಂಬಗಳಿಗೆ 1999ರಿಂದ ಬೆಳ್ತಂಗಡಿಯಲ್ಲಿ ತಮ್ಮದೇ ಧರ್ಮಪ್ರಾಂತ್ಯವಿದೆ. ಪವಿತ್ರ ಗುರುವಾರದ ರಾತ್ರಿ ಮನೆಯಲ್ಲಿಯೇ ಹುಳಿಯಿಲ್ಲದ ಪೆಸಹಾ ಅಪ್ಪವನ್ನು ಮಾಡಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅದನ್ನು ಮುರಿದು ಹಿರಿಯರಿಂದ ಕಿರಿಯರವರೆಗೆ ಹಂಚುತ್ತಾರೆ. ಪ್ರೊಟೆಸ್ಟಂಟರಾದ ನಾವು ಕಳೆದುಕೊಂಡದ್ದು ಇಂತಹ ರಾತ್ರಿಯನ್ನು. ಪ್ರಶ್ನೆಗೆ ಮೊದಲು ಮಗುವಿನ ಕಣ್ಣಿಗೆ ಏನಾದರೂ ಬೀಳಬೇಕು. ಅಪ್ಪ ಮುರಿಯುವ ಕೈಯನ್ನು ಕಂಡ ಮಗು ಏಕೆಂದು ಕೇಳಬಲ್ಲದು. ಬಹುಮಾನದ ಸ್ಟೀಲ್ ತಟ್ಟೆಯನ್ನು ಕಂಡ ಮಗು ಕೇಳುವುದಾದರೂ ಏನನ್ನು?

ಉತ್ತರಕ್ಕೆ ಭಾಷೆ ಬೇಕು. ಗ್ರೈನರ್, ಅಮ್ಮನ್ ಮೊದಲಾದ ಬಾಸೆಲ್ ಮಿಶನರಿಗಳು ಇದನ್ನು ಬೇಗನೆ ಅರಿತರು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ 1847ರ ಹೊತ್ತಿಗೆ ಕನ್ನಡ ಲಿಪಿಯಲ್ಲಿ ತುಳು ಹೊಸ ಒಡಂಬಡಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದಿತು. ಇಂದು ಅದೇ ತುಳುವ ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ಪ್ರಾರ್ಥಿಸುತ್ತಾಳೆ, ಆರಾಧನೆ ಕನ್ನಡದಲ್ಲಿ ನಡೆಯುತ್ತದೆ, ಮಗು ವಚನವನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತದೆ. ಮೂರೂ ಒಳ್ಳೆಯವೇ. ಆದರೆ ಕಲಿತ ಮಾತು ಅಜ್ಜಿಗೆ ತಿಳಿಯದಿದ್ದರೆ, ಅಜ್ಜಿಯ ಅನುಭವ ಮಗುವಿಗೆ ತಲುಪದಿದ್ದರೆ, ‘ನಾವು’ ಎಂದು ಆರಂಭವಾಗುವ ಆ ಉತ್ತರವನ್ನು ಹೇಳುವವರು ಯಾರು? ತಿಮೊಥೆಯನಲ್ಲಿದ್ದ ನಂಬಿಕೆಯು ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ಎಣಿಸಿ ಹೇಳುವುದು ವಂಶಾವಳಿಯ ಅಲಂಕಾರಕ್ಕಲ್ಲ. ಅವನ ತಂದೆ ಗ್ರೀಕನು (ಅ.ಕೃ. 16:1), ಆ ಮನೆ ಆದರ್ಶ ಕುಟುಂಬದ ಚಿತ್ರಪಟವಾಗಿರಲಿಲ್ಲ.

ಪೋಷಕರಿಗೆ ಸಮಯವಿಲ್ಲ, ಜ್ಞಾನವಿಲ್ಲ, ಆದ್ದರಿಂದಲೇ ಸಭೆ ಈ ಹೊಣೆ ಹೊತ್ತಿದೆ ಎಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ತಂದೆ ಗಲ್ಫಿನಲ್ಲಿ, ತಾಯಿ ಸೂಪು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಇರುವ ಮನೆಗೆ ದಿನವೂ ಅರ್ಧ ಗಂಟೆ ಕುಟುಂಬ ಪ್ರಾರ್ಥನೆ ನಡೆಸಿರೆಂದು ಉಪದೇಶಿಸುವುದು ಸುಲಭ. ಆದರೆ ವಚನ ಕೇಳುವುದು ಅರ್ಧ ಗಂಟೆಯನ್ನಲ್ಲ. ಬೀಡಿ ಕಟ್ಟುವ ಕೈಗೆ ಬಿಡುವಿಲ್ಲದಿದ್ದರೂ ಬಾಯಿಗೆ ಬಿಡುವಿದೆ; ಪಕ್ಕದಲ್ಲಿ ನೂಲು ಹಿಡಿದು ಕೂತ ಮಗುವಿಗೆ ಕಿವಿಯಿದೆ. ಜ್ಞಾನದ ಕೊರತೆಯೆಂಬುದು ನಮ್ಮಂತಹ ಸೆಮಿನರಿಗಳೇ ಬಿತ್ತಿದ ಭಯವಿರಬಹುದು. ಸಾಲದ ವರ್ಷದಲ್ಲಿ ದೇವರು ನಡೆಸಿದ ಬಗೆಯನ್ನು ಹೇಳಲು ಆ ತಾಯಿಗೆ ಪದವಿ ಬೇಕಿಲ್ಲ.

ಹಾಗಾದರೆ ಸಭೆಯ ಪಾತ್ರವೇನು? ಲೂಕ 2ರ ದೇವಾಲಯದ ದೃಶ್ಯದಲ್ಲಿ ಹನ್ನೆರಡು ವರ್ಷದ ಯೇಸು ಬೋಧಕರ ನಡುವೆ ಕುಳಿತು, ಅವರ ಮಾತು ಕೇಳುತ್ತಾ ಪ್ರಶ್ನಿಸುತ್ತಿದ್ದಾನೆ. ಬೋಧಕರು ಅವನನ್ನು ಎಬ್ಬಿಸಿ ಕಳುಹಿಸಲಿಲ್ಲ. ಅನಂತರ ಅವನು ಹೇಳಿದ ಮಾತು ತಂದೆತಾಯಿಗಳಿಗೆ ತಿಳಿಯಲಿಲ್ಲವೆಂದು ಐವತ್ತನೆಯ ವಚನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ತಿಳಿಯದಿದ್ದರೂ ಅವನನ್ನು ಕರೆದುಕೊಂಡು ಅವರು ನಜರೇತಿಗೆ ಇಳಿದು ಹೋದರು. ತಾಯಿ ಆ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಳು.