‘ಇತಿಹಾಸದಲ್ಲಿ ಈ ದಿನ’ ಮತ್ತು ತಾರೀಕಿಲ್ಲದ ಒಂದು ರಾತ್ರಿ

ಬೆಳಗ್ಗೆ ಮೆಟ್ರೋದಲ್ಲಿ ನೇತಾಡ್ತಾ ಇರುವಾಗ ಆಫೀಸಿನ ಗ್ರೂಪಿಗೆ ಒಂದು ಮೆಸೇಜು ಬಂದೇ ಬರುತ್ತದೆ: ‘ಕ್ರೀಡಾ ಇತಿಹಾಸದಲ್ಲಿ ಈ ದಿನ’. ಒಂದು ಫೋಟೋ, ಒಂದು ತಾರೀಕು, ಒಂದೇ ಸಾಲು. ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೇವೆ. ನಾನೂ ಇಂಥವನ್ನು ಫಾರ್ವರ್ಡ್ ಮಾಡಿದವನೇ. ಆದರೆ ಈಚೆಗೆ ಅದರ ಮೇಲೆ ಒಂದು ತಕರಾರಿದೆ.

ಫೆಬ್ರವರಿ 7 ತಗೊಳ್ಳಿ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು, 74 ರನ್ನಿಗೆ. ಪ್ರತಿ ವರ್ಷ ಇಷ್ಟೇ ಬರುತ್ತದೆ. ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101 ಹೊಡೆದಿತ್ತು ಅನ್ನೋದು ಬರುವುದಿಲ್ಲ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ಜಾವಗಲ್ ಶ್ರೀನಾಥ್ ಬೇಕಂತಲೇ ಆಫ್ ಸ್ಟಂಪಿನಿಂದ ದೂರ ಬೌಲ್ ಮಾಡಿದರು. ವಿಕೆಟ್ ತೆಗೆಯುವುದೇ ಕೆಲಸವಾಗಿದ್ದ ಮನುಷ್ಯ ಆ ಹೊತ್ತು ವಿಕೆಟ್ ತೆಗೆಯದಿರಲು ದುಡಿದ. ಆ ದಿನದ ಆಟದಲ್ಲಿ ನನಗೆ ಅತಿ ಇಷ್ಟವಾದ ಸಂಗತಿಯೇ ಅದು. ಒಂದೇ ಸಾಲಿನಲ್ಲಿ ಅದಕ್ಕೂ ಜಾಗ ಇತ್ತು. ಬರೆಯುವವರು ಕೊಡಲಿಲ್ಲ.

ಹಾಗಂತ ಪಟ್ಟಿಗಳನ್ನೇ ಬೈಯುವಂತಿಲ್ಲ. ಅಮೆರಿಕದವರ ಕ್ಯಾಲೆಂಡರಿನಲ್ಲಿ 1962ರ ಮಾರ್ಚ್ 2 ಇದೆ. ಹರ್ಷಿ ಎಂಬ ಸಣ್ಣ ಊರಿನಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದರು. ನೋಡಿದವರು ಸುಮಾರು ನಾಲ್ಕು ಸಾವಿರ ಜನ. ವಿಡಿಯೋ ಇಲ್ಲ. ಆದರೆ ಯಾರೋ ಒಬ್ಬರು ಕಾಗದದ ಚೂರಿನ ಮೇಲೆ ‘100’ ಅಂತ ಬರೆದು ಅವರ ಕೈಗೆ ಕೊಟ್ಟರು, ಫೋಟೋ ತೆಗೆದರು. ಆ ದಿನ ಅಂದಾಗ ಇವತ್ತಿಗೂ ಕಣ್ಣಿಗೆ ಬರುವುದು ಆ ಕಾಗದವೇ.

ನಮ್ಮ ಕಾಗಾಲದಲ್ಲಿ ಅಂಥ ಕಾಗದ ಇರಲಿಲ್ಲ. ದೊಡ್ಡಪ್ಪ ಒಂದು ಕಾಲದ ಕಬಡ್ಡಿ ಆಟಗಾರ. ಕೊಯ್ಲು ಮುಗಿದ ಗದ್ದೆ, ಪೆಟ್ರೋಮ್ಯಾಕ್ಸ್ ಬೆಳಕು, ಹೊನ್ನಾವರ ಕಡೆಯ ತಂಡದ ಜೊತೆ ಫೈನಲ್ಲು. ಚಿಕ್ಕಂದಿನಿಂದ ನಾನು ಕೇಳಿದ ಕತೆ ಏನಂದ್ರೆ, ಕೊನೇ ರೈಡರನ್ನು ಹಿಡಿದು ಗೆಲ್ಲಿಸಿದ್ದು ದೊಡ್ಡಪ್ಪ. ಕಳೆದ ಸಲ ಊರಿಗೆ ಹೋದಾಗ ಕೇಳಿದೆ, ಅದು ಯಾವ ತಾರೀಕು?

“ತಾರೀಕು ಯಾರಿಗ್ಗೊತ್ತು ಮಾರಾಯ. ಹುಣ್ಣಿಮೆ ಹತ್ರ ಇತ್ತು.”

ಗೆದ್ದದ್ದು ಎಷ್ಟು ಅಂಕದಿಂದ? ಈ ಸಲ ಒಂದು ಅಂದರು. ಹಿಂದೆ ಎರಡು ಅಂದಿದ್ದರು. ಆಮೇಲೆ ತಾವಾಗೇ ಹೇಳಿದರು: “ಹೆಸರು ನಂಗೆ ಬಂತು. ಮೊದ್ಲು ಕಾಲು ಹಿಡ್ದವ ಬೇರೆ. ಅವನ ಮೊಣಕಾಲು ಅಲ್ಲೇ ಹೋಯ್ತು, ಮತ್ತೆ ಆಡ್ಲೇ ಇಲ್ಲ.” ಆ ಮನುಷ್ಯ ತೀರಿಕೊಂಡು ವರ್ಷಗಳಾದವು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ.

ಮೆಸೇಜಿನ ಮೇಲೆ ನಾನು ಹೊರಿಸಿದ ತಪ್ಪನ್ನೇ ನಮ್ಮ ಮನೆಯ ಕತೆಯೂ ಮಾಡಿತ್ತು. ಅಲ್ಲಿ ಶ್ರೀನಾಥ್ ಬಿಟ್ಟುಹೋದರು, ಇಲ್ಲಿ ಕಾಲು ಹಿಡಿದವನು. ವ್ಯತ್ಯಾಸ ಒಂದೇ: ಕೋಟ್ಲಾದ ಸ್ಕೋರ್‌ಕಾರ್ಡ್ ಹುಡುಕಿದರೆ ಸಿಗುತ್ತದೆ, ಅದನ್ನು ನೋಡಿ ಯಾರಾದರೂ ಕತೆ ತಿದ್ದಬಹುದು. ನಮ್ಮದನ್ನು ತಿದ್ದಲು ಉಳಿದಿರುವವರು ದೊಡ್ಡಪ್ಪ ಒಬ್ಬರೇ.

ಅಲ್ಲೇ ಜಗಲಿಯಲ್ಲಿ ಕೂತು ಫೋನಿನಲ್ಲಿ ಬರೆದುಕೊಂಡೆ. ಏಳೂ ಜನರ ಹೆಸರು, ಮೊದಲು ಕಾಲು ಹಿಡಿದವನದ್ದು. ತಾರೀಕಿನ ಜಾಗದಲ್ಲಿ ‘ಹುಣ್ಣಿಮೆ ಹತ್ತಿರ’. ದೊಡ್ಡಪ್ಪ ಓದಿಸಿ ಕೇಳಿದರು. ಎರಡು ಹೆಸರು ತಿದ್ದಿದರು.